ಹೆಪ್ಪುಗಟ್ಟಿದ ಗಲ್ಫ್ ಪ್ರವಾಹ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಒಂಬತ್ತು ವರ್ಷ ಸಮಾಜ ವಿಜ್ಞಾನದ ಪಾಠ ಮಾಡಿದವಳನ್ನು ಕರೆದು, ಇನ್ನು ಮೇಲೆ ನೀನು ಪಾಠ ಮಾಡುವುದು ಬೇಡ, ಗೋಡೆಗೆ ದೊಡ್ಡ ಟೀವಿ ಹಾಕಿಸುತ್ತಿದ್ದೇವೆ, ಅದೇ ಮಾಡುತ್ತದೆ ಎಂದರೆ ಕೋಪ ಬರದ ಮೂಗು ಯಾವುದಿದೆ, ತೋರಿಸಿ.

ನನ್ನ ಹೆಸರು ಭಾನುಪ್ರಿಯಾ. ನಮ್ಮೂರು ಹೊನ್ನವಳ್ಳಿಯಿಂದ ಮೂರು ಮೈಲಿ. ಊರಿನ ಹೈಸ್ಕೂಲು ಖಾಸಗಿಯವರದು. ಶಾಲೆಗೊಂದು ಕಮಿಟಿ, ಕಮಿಟಿಗೊಬ್ಬ ಕಾರ್ಯದರ್ಶಿ. ಆ ಕಾರ್ಯದರ್ಶಿಯೇ ಮರುಳಸಿದ್ದಯ್ಯನವರು. ವಯಸ್ಸು ಎಪ್ಪತ್ತೆರಡು, ಹಣೆ ತುಂಬ ವಿಭೂತಿ, ಕಬ್ಬಿಣದಂಥ ಬೆನ್ನು. ತಿಪಟೂರು ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳಿಬಿಡುತ್ತಾರೆ. ಮನುಷ್ಯರನ್ನೂ ಹಾಗೇ ಅಳೆಯುತ್ತಾರೆ. ಒಂದು ಸಲ ಅಲ್ಲಾಡಿಸಿ ನೋಡಿ ಇದು ಹಸಿ ಎಂದು ಪಕ್ಕಕ್ಕೆಸೆದರೆ ಮುಗಿಯಿತು, ಮತ್ತೆ ಕೈಗೆತ್ತಿಕೊಳ್ಳುವುದಿಲ್ಲ.

ನನ್ನನ್ನು ಅವರು ಪಕ್ಕಕ್ಕೆಸೆದು ಒಂಬತ್ತು ವರ್ಷವಾಗಿತ್ತು. ಶಾಲೆಯಲ್ಲಿ ಮಕ್ಕಳು, ಮಕ್ಕಳ ತಾಯಂದಿರು, ಬಿಸಿಯೂಟದ ಭೈರಮ್ಮ, ಕೊನೆಗೆ ಬಸ್ ಕಂಡಕ್ಟರ್ ಕೂಡ ನನ್ನನ್ನು ಮೇಡಂ ಎನ್ನುತ್ತಾರೆ. ಮರುಳಸಿದ್ದಯ್ಯನವರ ಬಾಯಲ್ಲಿ ಮಾತ್ರ ನಾನು 'ಪರಮೇಶನ ಹೆಂಡ್ತಿ'. ಪರಮೇಶನ ಹೆಂಡ್ತೀನ ಕರೀರಿ, ಪರಮೇಶನ ಹೆಂಡ್ತಿ ಕ್ಲಾಸ್ನಲ್ಲಿ ಗಲಾಟೆ ಜಾಸ್ತಿ, ಹೀಗೆ. ನಾನು ಮೈಸೂರಿನಲ್ಲಿ ಎಂಎ ಮಾಡಿದ್ದು, ಬಿಎಡ್ ಮಾಡಿದ್ದು ಎಲ್ಲವೂ ಪರಮೇಶನನ್ನು ಮದುವೆಯಾದ ತಕ್ಷಣ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಡಿಸೆಂಬರ್ ಮೊದಲ ವಾರ ಆಫೀಸು ಕೋಣೆಗೆ ಕರೆಸಿದರು. ಹೆಡ್‌ಮಾಸ್ಟರ್ ಬಸವಕುಮಾರ್ ಅಲ್ಲೇ ಇದ್ದರು. ಅವರು ಅಡ್ಡಗೋಡೆಯ ಮೇಲೆ ದೀಪ ಇಡುವವರು, ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ, ಪೆನ್ನಿನ ಕ್ಯಾಪ್ ಬಿಚ್ಚಿ ಹಾಕುತ್ತ ಕೂತಿರುತ್ತಾರೆ. ವಿಷಯ ಇಷ್ಟೇ: ಸಂಕ್ರಾಂತಿಯಿಂದ ಸಮಾಜ ವಿಜ್ಞಾನದ ಪಾಠವೆಲ್ಲ ರೆಕಾರ್ಡು ಮಾಡಿದ ವಿಡಿಯೋದಲ್ಲಿ. ನಾನು ಶಾಲೆ ಬಿಡಬೇಕಾಗಿಲ್ಲ. ಹಾಜರಿ ಕರೆದು, ಟೀವಿ ಹಚ್ಚಿ, ಮಕ್ಕಳು ಗಲಾಟೆ ಮಾಡದಂತೆ ಹಿಂದಿನ ಬೆಂಚಿನಲ್ಲಿ ಕೂತು ಕಾಯಬೇಕು. ಕಾಯುವುದಂತೆ. ನಾನೇನು ಕಣದಲ್ಲಿ ಹರಡಿದ ರಾಗಿಗೆ ಕಾವಲಿನವಳೇ?

ಅದನ್ನೇ ಕೇಳಿದೆ. ಬಸವಕುಮಾರ್ ಸರ್ ಪೆನ್ನಿನ ಕ್ಯಾಪ್ ಹಾಕಿದರು. ಮರುಳಸಿದ್ದಯ್ಯನವರು ನನ್ನ ಮುಖ ನೋಡದೆ, ಕಿಟಕಿಯಾಚೆ ತೆಂಗಿನ ಗರಿ ನೋಡುತ್ತ, ಕಳೆದ ವಾರ ಬಾಗಿಲ ಹತ್ತಿರ ನಿಂತು ನನ್ನ ಪಾಠ ಕೇಳಿದ್ದಾಗಿ ಹೇಳಿದರು. ಅದೇನೋ ಸಮುದ್ರದ ಪ್ರವಾಹ, ಬಿಸಿನೀರು, ತಣ್ಣೀರು. ಕೇಳಿ ಅವರಿಗೆ ನಗು ಬಂದಿತ್ತಂತೆ.

"ಸಮುದ್ರ ನೋಡಿದ್ದೀಯೇನಮ್ಮ?" ಎಂದರು.

ಇಲ್ಲ. ನೋಡಿಲ್ಲ. ಡಿಗ್ರಿಯಲ್ಲಿದ್ದಾಗ ಮುರುಡೇಶ್ವರಕ್ಕೆ ಟೂರ್ ಹೋದಾಗ ನಮ್ಮಪ್ಪ ಕಳಿಸಲಿಲ್ಲ. ಮದುವೆಯಾದ ಮೇಲೆ ಪರಮೇಶ್ ಪ್ರತಿ ವರ್ಷ ಬೇಸಿಗೆಗೆ ಹೋಗೋಣ ಎನ್ನುತ್ತಾನೆ, ಬೇಸಿಗೆ ಬಂದಾಗ ಯಾರಾದರೊಬ್ಬರ ಮನೆಯ ಕಿಟಕಿ ಕೂರಿಸುವುದಿರುತ್ತದೆ. ಅವನು ತಿಪಟೂರಿನಲ್ಲಿ ಗಾಜು, ಅಲ್ಯೂಮಿನಿಯಂ ಕಿಟಕಿಯ ಕೆಲಸ ಮಾಡುವವನು. ನೋಡಿಲ್ಲ ಎಂದು ನಾನು ತಲೆ ತಗ್ಗಿಸಿ ಹೇಳಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಆದರೆ ಅವರು ಮುಂದುವರಿದು, ಕಣ್ಣಲ್ಲಿ ಕಾಣದ್ದನ್ನ ಬಾಯಲ್ಲಿ ಹೇಳಬಾರದು ಕಣಮ್ಮ ಎಂದುಬಿಟ್ಟರು.

"ಕೈಲಾಸ ನೋಡಿದ್ದೀರಾ ಅಯ್ನೋರೇ? ಶ್ರಾವಣ ಮಾಸದಲ್ಲಿ ತಿಂಗಳಿಡೀ ಪುರಾಣ ಹೇಳ್ತೀರಲ್ಲ."

ಬಸವಕುಮಾರ್ ಸರ್ ಕೈಯಿಂದ ಪೆನ್ನು ಕೆಳಗೆ ಬಿತ್ತು. ಅದು ಉರುಳಿ ಬೀರುವಿನ ಕೆಳಗೆ ಹೋಯಿತು. ಬಾಯಿ ಬಿಟ್ಟು ಕೆಟ್ಟೆನೇನೋ ಎಂದು ನನಗೂ ಅನ್ನಿಸಿತು. ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ನೀರಿಗಿಳಿದ ಮೇಲೆ ಚಳಿಯೇನು, ಗಾಳಿಯೇನು?

ಮರುಳಸಿದ್ದಯ್ಯನವರು ಮೊದಲ ಸಲ ನನ್ನ ಕಡೆ ತಿರುಗಿ ನೋಡಿದರು.

"ಇಪ್ಪತ್ತನೇ ತಾರೀಕು ನಾನೇ ಬಂದು ನಿನ್ನ ಕ್ಲಾಸ್ನಲ್ಲಿ ಕೂತ್ಕತೀನಿ. ಅದೇ ಸಮುದ್ರದ ಪಾಠ ಮಾಡು. ನನಗೆ ಅರ್ಥ ಆದ್ರೆ ನಿನ್ನ ಕ್ಲಾಸು ನಿನಗೆ. ಆಗ್ನಿಲ್ಲ ಅಂದ್ರೆ ಟೀವೀನೇ, ಆ ಆರ್ಡರ್ ಕಾಗ್ದ ಟೈಪ್ ಮಾಡ್ಸಿ ಜೇಬಲ್ಲಿ ಇಟ್ಕಂಡೇ ಬತ್ತೀನಿ."

ಆಗಲಿ ಎಂದು ಬಂದೆ.

ಮನೆಗೆ ಬಂದವಳೇ ನಡೆದದ್ದನ್ನು ಹೇಳಿದೆ. ಪರಮೇಶ್ ಎಲ್ಲವನ್ನೂ ಕೇಳಿ, ಕೈಲಾಸದ ಮಾತಿಗೆ ಬಿದ್ದು ಬಿದ್ದು ನಕ್ಕು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಏನು ಬೇಕು ಹೇಳು ಎಂದ. ಗಾಜಿನ ತೊಟ್ಟಿ ಬೇಕು ಎಂದೆ. ನಾಲ್ಕು ಅಡಿ ಉದ್ದ, ಒಂದು ಗೇಣು ಅಗಲ. ಒಂದು ತುದಿ ಬಿಸಿದೇಶ, ಇನ್ನೊಂದು ತುದಿ ಉತ್ತರ ಧ್ರುವದ ಕಡೆ. ಬಿಸಿನೀರು ಮೇಲೆ ಮೇಲೆ ಹರಿದು ತಣ್ಣನೆಯ ತುದಿಗೆ ಹೋಗುವುದು ಕಣ್ಣಿಗೆ ಕಾಣಬೇಕು. ಕಣ್ಣಲ್ಲಿ ಕಾಣದ್ದನ್ನು ಹೇಳಬಾರದು ಎಂದವರ ಕಣ್ಣಿಗೇ ತೋರಿಸಬೇಕು. ಅವನು ನಾಲ್ಕು ದಿನದಲ್ಲಿ ಉಳಿದ ಗಾಜಿನ ತುಂಡುಗಳನ್ನು ಅಂಟಿಸಿ ತೊಟ್ಟಿ ತಂದಿಟ್ಟ.

ಮೊದಲ ದಿನ ಕುಂಕುಮವನ್ನು ಬಿಸಿನೀರಿಗೆ ಕಲಸಿ ಒಂದು ತುದಿಗೆ ಬಿಟ್ಟೆ. ನೋಡನೋಡುತ್ತ ತೊಟ್ಟಿಯೆಲ್ಲ ಕೆಂಪಾಯಿತು. ಯಾವ ಪ್ರವಾಹ, ಎಲ್ಲಿಯ ಪ್ರವಾಹ, ಓಕುಳಿ ಆಡಿದ ಹಾಗಿತ್ತು. ಎರಡು ಸಲ ನೀರು ಬದಲಿಸಿದೆ. ಮೂರನೆಯ ಸಲ ಅಡುಗೆಮನೆಯಿಂದ ನಮ್ಮತ್ತೆ ಸಿದ್ದಗಂಗಮ್ಮ ಬಂದು ನಿಂತರು.

"ನೀರಲ್ಲಿ ನೀರು ಕಲಸಿದ್ರೆ ಬೆರೀದೆ ಇನ್ನೇನಾಯ್ತದೆ? ಎಣ್ಣೇಲಿ ಕಲ್ಸೇ. ಮೇಲೇ ನಿಂತ್ಕತದೆ."

ನಮ್ಮ ಮನೆಯಲ್ಲಿ ತಲೆನೋವಿಗೆ ಕೊಬ್ಬರಿ ಎಣ್ಣೆ, ಸುಟ್ಟ ಗಾಯಕ್ಕೆ ಕೊಬ್ಬರಿ ಎಣ್ಣೆ, ಕಿರುಗುಟ್ಟುವ ಬಾಗಿಲಿಗೆ ಕೊಬ್ಬರಿ ಎಣ್ಣೆ. ಸಮುದ್ರಕ್ಕೂ ಅದೇ ಆಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದಲ್ಲಿಟ್ಟು, ಎಣ್ಣೆಯಲ್ಲಿ ಕುಂಕುಮ ಕಲಸಿ ಬಿಟ್ಟೆ. ಏನು ಚಂದ ಹರಿಯಿತು ಎನ್ನುತ್ತೀರಿ! ಕೆಂಪನೆಯ ರಿಬ್ಬನ್ನಿನ ಹಾಗೆ ನೀರಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಗಿ ಮುಟ್ಟಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, ನಿಮ್ಮ ಎಂಎಗಿಂತ ನಮ್ಮ ಒಲೆಬುಡವೇ ವಾಸಿ ಎಂದರು. ನಾನೂ ಒಪ್ಪಿಕೊಂಡೆ. ಐಸ್ ಇಟ್ಟು ನೋಡಿರಲಿಲ್ಲ. ಐಸ್ ತಿಪಟೂರಿನಿಂದ ತರಬೇಕು, ಬರುವ ಹೊತ್ತಿಗೆ ಕರಗುತ್ತದೆ, ಆವತ್ತೇ ತಂದರಾಯಿತು ಎಂದುಕೊಂಡೆ. ಅಲ್ಲೇ ನಾನು ಕೆಟ್ಟಿದ್ದು.

ಇಪ್ಪತ್ತನೇ ತಾರೀಕು ಬೆಳಿಗ್ಗೆ ಚಳಿ ಅಂದರೆ ಚಳಿ. ಪರಮೇಶ್ ತಿಪಟೂರಿನ ಜ್ಯೂಸ್ ಅಂಗಡಿಯಿಂದ ಐಸ್ ಗಡ್ಡೆಯನ್ನು ತೆಂಗಿನ ನಾರಿನ ಪುಡಿ ತುಂಬಿದ ಚೀಲದಲ್ಲಿ ಹೂತು ಬೈಕಿನಲ್ಲಿ ತಂದ. ನಾರಿನ ಪುಡಿಯಲ್ಲಿಟ್ಟರೆ ಐಸ್ ಬೇಗ ಕರಗುವುದಿಲ್ಲ. ಒಂಬತ್ತನೇ ತರಗತಿಯ ಕೋಣೆಯಲ್ಲಿ ಮೇಜಿನ ಮೇಲೆ ತೊಟ್ಟಿ ಇಟ್ಟೆವು. ಒಂದು ತುದಿಯಲ್ಲಿ ಕುದಿಯುವ ನೀರು ತುಂಬಿದ ತಾಮ್ರದ ಚೊಂಬು ಮುಳುಗಿಸಿದೆ, ಅದು ಆರಿದಂತೆಲ್ಲ ಬಿಸಿಯೂಟದ ಒಲೆಯಿಂದ ಬಿಸಿನೀರು ತಂದು ಬದಲಿಸುವ ಕೆಲಸ ಭೈರಮ್ಮನದು. ಇನ್ನೊಂದು ತುದಿಗೆ ಐಸ್.

ಮರುಳಸಿದ್ದಯ್ಯನವರು ಹತ್ತೂವರೆಗೆ ಸರಿಯಾಗಿ ಬಂದರು. ಬಿಳಿ ಅಂಗಿಯ ಜೇಬಿನಲ್ಲಿ ಮಡಚಿದ ಕಾಗದ ಇಣುಕುತ್ತಿತ್ತು, ಬೇಕೆಂದೇ ಇಣುಕುವಂತೆ ಇಟ್ಟುಕೊಂಡಿದ್ದರು ಅನ್ನಿಸುತ್ತದೆ. ಮಕ್ಕಳೆಲ್ಲ ಎದ್ದು ನಿಂತರು. ಕುರ್ಚಿ ತರಿಸುತ್ತೇನೆಂದು ಬಸವಕುಮಾರ್ ಸರ್ ಓಡಾಡಿದರೂ ಬೇಡವೆಂದು ಹಿಂದಿನ ಬೆಂಚಿನಲ್ಲಿ ಕೂತರು. ಅದು ಕುಂಟು ಬೆಂಚು. ಒಂದು ಕಾಲು ಮೋಟು, ಕೂತವರು ಅತ್ತ ಇತ್ತ ವಾಲುತ್ತಾರೆ. ಅದನ್ನು ಸರಿಮಾಡಿಸಿ ಎಂದು ನಾನು ಕಮಿಟಿಗೆ ನಾಲ್ಕು ಸಲ ಬರೆದುಕೊಟ್ಟಿದ್ದೆ. ಅವರು ವಾಲಿದ್ದು ನೋಡಿ ನನಗೆ ಒಳಗೊಳಗೇ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಪಾಠ ಶುರುಮಾಡಿದೆ. ನನ್ನ ತರಗತಿಗೆ ಒಂದೇ ನಿಯಮ: ಪ್ರಶ್ನೆ ಯಾರು ಬೇಕಾದರೂ ಕೇಳಬಹುದು, ಆದರೆ ಕೈ ಎತ್ತಿ, ಎದ್ದು ನಿಂತು ಕೇಳಬೇಕು. ಅದನ್ನು ಆವತ್ತೂ ಹೇಳಿದೆ. ಗ್ಲೋಬ್ ತಿರುಗಿಸಿ ನಾರ್ವೆ ತೋರಿಸಿದೆ. ಉತ್ತರ ಧ್ರುವದ ಮಗ್ಗುಲಲ್ಲೇ ಇರುವ ದೇಶ. ಅಷ್ಟೇ ಉತ್ತರಕ್ಕಿರುವ ಗ್ರೀನ್‌ಲ್ಯಾಂಡ್ ಬರೀ ಹಿಮ, ಆದರೆ ನಾರ್ವೆಯ ಬಂದರುಗಳಲ್ಲಿ ನಡುಚಳಿಗಾಲದಲ್ಲೂ ಮೀನಿನ ದೋಣಿ ಓಡಾಡುತ್ತವೆ, ನೀರು ಹೆಪ್ಪುಗಟ್ಟುವುದಿಲ್ಲ. ಯಾಕೆ? ಸಾವಿರಾರು ಮೈಲಿ ಆಚೆ, ಬಿಸಿಲು ಸುರಿಯುವ ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬಿಸಿನೀರು ಸಮುದ್ರದೊಳಗೇ ಹೊಳೆಯ ಹಾಗೆ ಹರಿದು ಬರುತ್ತದೆ. ಅದರ ಹೆಸರು ಗಲ್ಫ್ ಪ್ರವಾಹ. ಬಿಸಿದೇಶದ ಮರದ ಬೀಜಗಳು ಅದರಲ್ಲಿ ತೇಲಿ ನಾರ್ವೆಯ ದಡ ಸೇರುತ್ತವೆ, ಎಲ್ಲೋ ಅಪರೂಪಕ್ಕೆ ತೆಂಗಿನಕಾಯಿ ಕೂಡ. ತೆಂಗಿನಕಾಯಿ ಎಂದಾಗ ಹಿಂದಿನ ಬೆಂಚು ಒಂದು ಸಲ ಕಿರ್ ಎಂದಿತು.

ಇಲ್ಲಿಯವರೆಗೂ ಎಲ್ಲ ಸರಿಯಿತ್ತು. ಈಗ ನೋಡಿ ಎಂದು, ಸ್ವಲ್ಪ ಜಂಭದಿಂದಲೇ, ಕೆಂಪು ಎಣ್ಣೆಯ ಬಟ್ಟಲು ತೆಗೆದು ಬಿಸಿ ತುದಿಯಲ್ಲಿ ಸುರಿದೆ. ಮನೆಯಲ್ಲಿ ಹರಿದಂತೆಯೇ ಹರಿಯಿತು. ಮಕ್ಕಳು ಕತ್ತು ಚಾಚಿದರು. ಕೆಂಪು ರಿಬ್ಬನ್ ಅರ್ಧ ತೊಟ್ಟಿ ದಾಟಿ, ಮುಕ್ಕಾಲು ತೊಟ್ಟಿ ದಾಟಿ, ಐಸಿನ ಹತ್ತಿರ ಹೋಯಿತು.

ಹೋಗಿ, ನಿಂತುಬಿಟ್ಟಿತು.

ನೋಡನೋಡುತ್ತ ಅದರ ಅಂಚು ಬೆಳ್ಳಗಾಯಿತು. ಆಮೇಲೆ ದಪ್ಪಗಾಯಿತು. ಐಸಿನ ಸುತ್ತ ಹಾಲಿನ ಕೆನೆಯ ಹಾಗೆ ಕಟ್ಟಿಕೊಂಡಿತು. ಹಿಂದಿನಿಂದ ಬರುತ್ತಿದ್ದ ಎಣ್ಣೆ ಅದಕ್ಕೆ ಬಂದು ಅಂಟಿಕೊಂಡು ತಾನೂ ಗಟ್ಟಿಯಾಯಿತು. ಎರಡು ನಿಮಿಷದಲ್ಲಿ ನನ್ನ ಗಲ್ಫ್ ಪ್ರವಾಹ ಕುಂಕುಮದ ಹಪ್ಪಳವಾಗಿ ಕೂತಿತ್ತು.

ಮುಂದಿನ ಸಾಲಿನ ಗಾನವಿ ನಿಯಮದ ಪ್ರಕಾರ ಕೈ ಎತ್ತಿ, ಎದ್ದು ನಿಂತು, "ಮೇಡಂ, ಎಣ್ಣೆ ಹೆಪ್ಪುಗಟ್ಟೋಯ್ತು" ಎಂದಳು.

ಇಡೀ ತರಗತಿ ನಕ್ಕಿತು. ಯಾಕೆ ನಗುವುದಿಲ್ಲ? ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಡದ ಮನೆ ನಮ್ಮ ಸೀಮೆಯಲ್ಲಿ ಒಂದಾದರೂ ಇದೆಯೇ? ಆವತ್ತು ಬೆಳಿಗ್ಗೆಯೇ ನಾನು ತಲೆಗೆ ಹಚ್ಚಿಕೊಳ್ಳಲು ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿ ಬಂದಿದ್ದೆ! ಹುಟ್ಟಿದ ಮಗುವಿಗೂ ಗೊತ್ತಿರುವುದನ್ನು ಎಂಎ ಮಾಡಿದವಳು ಮರೆತಿದ್ದಳು. ಭೈರಮ್ಮ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸವಕುಮಾರ್ ಸರ್ ಮಾತ್ರ ನಗಲಿಲ್ಲ, ಪಾಪ, ನನಗಿಂತ ಹೆಚ್ಚು ಬೆವರಿದ್ದರು.

ಮರುಳಸಿದ್ದಯ್ಯನವರೂ ನಗಲಿಲ್ಲ. ಜೇಬಿನಿಂದ ಕಾಗದ ತೆಗೆದು ಬಿಡಿಸತೊಡಗಿದರು. ಅದರ ಸದ್ದಿಗೆ ಮಕ್ಕಳ ನಗು ತಾನಾಗಿ ನಿಂತಿತು.

ಆ ಕ್ಷಣದಲ್ಲಿ ನನಗೆ ಅಳು ಬಂದಿತ್ತು. ಒಂಬತ್ತು ವರ್ಷ, ಎಂಟು ಬ್ಯಾಚು, ನನ್ನ ಕೈಯಲ್ಲಿ ಭೂಪಟ ಬರೆದು ಕಲಿತ ಮಕ್ಕಳು, ಎಲ್ಲವೂ ಒಂದು ಬಟ್ಟಲು ಎಣ್ಣೆಯಲ್ಲಿ ಹೋಯಿತಲ್ಲ ಎಂದು ಸಂಕಟವಾಯಿತು. ತಲೆ ತಗ್ಗಿಸಿದರೆ ಅತ್ತುಬಿಡುತ್ತೇನೆ ಎಂದು ತಗ್ಗಿಸಲಿಲ್ಲ. ಗಟ್ಟಿಯಾದ ಆ ಹಪ್ಪಳವನ್ನೇ ದುರುಗುಟ್ಟಿ ನೋಡಿದೆ. ಯಾಕೆ ನಿಂತಿತು ಇದು? ಹೆಪ್ಪುಗಟ್ಟಿದ್ದಕ್ಕೆ ನಿಂತಿತು, ಅದು ಸರಿ. ಹೆಪ್ಪುಗಟ್ಟಿದ ಮೇಲೆ ಎಲ್ಲಿಗೂ ಹೋಗಲಿಲ್ಲ. ಮುಳುಗಲೂ ಇಲ್ಲ, ಕದಲಲೂ ಇಲ್ಲ, ಹಿಂದೆ ಬರುವವರಿಗೆ ಜಾಗ ಬಿಡಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಕೂತ ಹಾಗೆ ಕೂತುಬಿಟ್ಟಿತು.

ತಟಕ್ಕನೆ ನೆನಪಾಯಿತು, ಅಯ್ನೋರ ಅಟ್ಟ.

ಆ ಕಥೆ ಊರಿಗೆಲ್ಲ ಗೊತ್ತು, ಆದರೆ ಅವರೆದುರು ಯಾರೂ ಎತ್ತುವುದಿಲ್ಲ. ಆರು ವರ್ಷದ ಹಿಂದೆ ಮರುಳಸಿದ್ದಯ್ಯನವರು ಕೊಬ್ಬರಿ ಅಟ್ಟದ ಮಾಡಿಗೆ ಹೊಸ ಹೆಂಚು ಹೊದಿಸಿದರು. ಆ ವರ್ಷ ಅಟ್ಟದ ಬಡಗಲ ಮೂಲೆಯ ಕಾಯೆಲ್ಲ ಬೂಷ್ಟು ಹಿಡಿದು ಕೊಳೆತವು. ಸದ್ದು ಕೇಳಿ ಕಾಯಿ ಆರಿಸುವ ಮನುಷ್ಯನ ಅಟ್ಟದಲ್ಲೇ ಕೊಳೆತ ಕಾಯಿ. ಆಳುಗಳು ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಸುರಿದಾಗ ಅವರು ಮನೆಯಿಂದ ಹೊರಗೇ ಬರಲಿಲ್ಲವಂತೆ.

"ಅಯ್ನೋರೇ, ಕಾಗ್ದ ಆಮೇಲೆ ಓದುವಿರಂತೆ. ಒಂದು ಪ್ರಶ್ನೆ ಇದೆ," ಎಂದೆ. "ನಿಮ್ಮ ಅಟ್ಟದ ಬಡಗಲ ಮೂಲೇಲಿ ಆ ವರ್ಷ ಕಾಯಿ ಯಾಕೆ ಬೂಷ್ಟು ಹಿಡಿದ್ವು?"

ಬಸವಕುಮಾರ್ ಸರ್ ಕಣ್ಣು ಮುಚ್ಚಿಕೊಂಡರು. ಮರುಳಸಿದ್ದಯ್ಯನವರ ಹಣೆಯ ವಿಭೂತಿ ಮೇಲೆ ಹೋಗಿ ಕೆಳಗೆ ಬಂತು. ಹೆದರಿದೆನೇ ಎಂದರೆ, ಹೆದರಿದೆ. ಆದರೆ ನಾನು ಅವರನ್ನು ಅವಮಾನ ಮಾಡಲು ಕೇಳಿದ್ದಲ್ಲ. ನನ್ನ ತಪ್ಪು ಮೇಜಿನ ಮೇಲೆ ನಲವತ್ತು ಮಕ್ಕಳ ಎದುರು ಬಿದ್ದಿತ್ತು, ಅದರ ಪಕ್ಕ ಅವರೂ ತಮ್ಮದೊಂದನ್ನು ಇಡಲಿ ಎಂದು ಕೇಳಿದೆ. ಈ ಭೂಮಿಯ ಮೇಲೆ ತಪ್ಪು ಮಾಡಿ ಕಲಿಯದವರು ಯಾರು?

ಮರುಳಸಿದ್ದಯ್ಯನವರು ಕೈಯಲ್ಲಿದ್ದ ಕಾಗದ ನೋಡಿದರು. ಅವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಆದರೆ ಕೊಬ್ಬರಿಯ ವಿಷಯ ಕೇಳಿದರೆ ಉತ್ತರ ಕೊಡದೆ ಇರುವುದು ಅವರಿಂದಾಗದ ಕೆಲಸ. ಮೊದಲು ಗೊಣಗಿದರು. ಆಮೇಲೆ ಕಾಗದವನ್ನು ತೊಡೆಯ ಮೇಲಿಟ್ಟು, ನನಗಲ್ಲ, ಮಕ್ಕಳಿಗೆ ಹೇಳತೊಡಗಿದರು. ಮಳೆಗಾಲದಲ್ಲಿ ಅಟ್ಟದ ಕೆಳಗೆ ತೆಂಕಲ ಮಗ್ಗುಲಲ್ಲಿ ತೆಂಗಿನ ಮಟ್ಟೆಯ ಬೆಂಕಿ ಹಾಕುತ್ತಾರೆ. ಬಿಸಿ ಮೇಲಕ್ಕೆದ್ದು ಕಾಯಿಯ ರಾಶಿಯ ಮೇಲೆ ಹಾದು ಬಡಗಲ ಮೂಲೆಯವರೆಗೂ ಹೋಗಬೇಕು. ಅವರ ತಂದೆ ಅದಕ್ಕೆಂದೇ ಆ ಮೂಲೆಯಲ್ಲಿ ನಾಲ್ಕು ಹೆಂಚು ಎತ್ತಿ ಸಂದು ಬಿಟ್ಟಿದ್ದರು. ಹೊಸ ಗಾರೆಯವನು ಅದನ್ನು ಮುಚ್ಚಿದ. ಮಳೆ ಸೋರುವುದಿಲ್ಲ ಒಳ್ಳೆಯದೇ ಆಯಿತೆಂದು ಇವರೂ ಸುಮ್ಮನಾದರು. ಬೆಂಕಿ ಹೆಚ್ಚು ಹಾಕಿಸಿದರು, ಇನ್ನೂ ಹೆಚ್ಚು ಹಾಕಿಸಿದರು, ತೆಂಕಲ ಕಾಯಿ ಸೀದುಹೋದವೇ ಹೊರತು ಬಡಗಲಿಗೆ ಬಿಸಿ ಹೋಗಲಿಲ್ಲ.

"ಅಲ್ಲಿದ್ದ ತೇವದ ಗಾಳಿ ಎಲ್ಲಿಗೆ ಹೋಯ್ತದೆ? ಅದು ಜಾಗ ಬುಟ್ರೆ ತಾನೆ ಬಿಸಿ ಬರೋದು?" ಎಂದರು. ಆಮೇಲೆ ಸ್ವಲ್ಪ ತಡೆದು, "ಹೋಗಾಕೆ ದಾರಿ ಇಲ್ದಿದ್ರೆ ಬರಾಕೂ ದಾರಿ ಇಲ್ಲ ಕಣ್ರಪ್ಪ. ಅದು ನನಗೆ ತಡವಾಗಿ ತಿಳೀತು."

ಆ ಕೊನೆಯ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ.

"ಕೇಳಿದ್ರಾ?" ಎಂದೆ ಮಕ್ಕಳಿಗೆ. "ನಾನು ಮಾಡಬೇಕಾದ ಪಾಠಾನ ಅಯ್ನೋರೇ ಮಾಡಿಬಿಟ್ರು."

ಮುಂದೆ ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಹಪ್ಪಳವನ್ನು ಬೆರಳಿಂದ ಎಬ್ಬಿಸಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ. ಇದೇ ಆ ಮುಚ್ಚಿದ ಹೆಂಚು, ಎಂದೆ. ಎಣ್ಣೆ ತಣ್ಣಗಾದರೆ ತೇಲುತ್ತಲೇ ಗಟ್ಟಿಯಾಗುತ್ತದೆ, ಜಾಗ ಬಿಡುವುದಿಲ್ಲ, ಹಿಂದಿನದ್ದಕ್ಕೆ ಬರಲು ದಾರಿಯಿಲ್ಲ. ಸಮುದ್ರದ ತುಂಬ ಕೊಬ್ಬರಿ ಎಣ್ಣೆ ಇದ್ದಿದ್ದರೆ ನಾರ್ವೆ ಎಂದೋ ಹಿಮದಲ್ಲಿ ಹೂತುಹೋಗುತ್ತಿತ್ತು. ಆದರೆ ಸಮುದ್ರದಲ್ಲಿರುವುದು ಉಪ್ಪುನೀರು. ಬಿಸಿಲ ದೇಶದಲ್ಲಿ ಕಾದು, ದಾರಿಯುದ್ದಕ್ಕೂ ಆವಿಯಾಗಿ ಉಪ್ಪು ಹೆಚ್ಚಾಗಿ, ಗಾಳಿ ದೂಡಿದತ್ತ ಹರಿದು ಉತ್ತರಕ್ಕೆ ಬರುತ್ತದೆ. ಬಂದು ತನ್ನ ಬಿಸಿಯನ್ನೆಲ್ಲ ಅಲ್ಲಿಯ ಗಾಳಿಗೆ ಕೊಡುತ್ತದೆ. ಕೊಟ್ಟು ತಣ್ಣಗಾಗಿ, ತೂಕವಾಗಿ, ತಳಕ್ಕೆ ಇಳಿಯುತ್ತದೆ. ಇಳಿದು ತಳದಲ್ಲೇ ವಾಪಸು ಹೊರಡುತ್ತದೆ. ಅದು ಇಳಿದ ಜಾಗಕ್ಕೆ ಮತ್ತೆ ಬಿಸಿನೀರು ಬರುತ್ತದೆ. ಗಾಳಿಯೊಂದೇ ದೂಡಿದರೆ ಸಾಲದು, ಮುಂದೆ ಹೋದದ್ದು ಜಾಗ ಬಿಡಲೂಬೇಕು.

ಹೇಳಿದೆ ಸರಿ, ತೋರಿಸುವುದು ಹೇಗೆ? ಕೈಯಲ್ಲಿ ಬಣ್ಣವಿರಲಿಲ್ಲ. ಭೈರಮ್ಮನ ಕಡೆ ನೋಡಿದೆ. ಅವಳು ಓಡಿಹೋಗಿ, ಬಿಸಿಯೂಟದ ಟವೆಲ್ಲುಗಳಿಗೆ ಹಾಕುವ ನೀಲಿಯ ಬಾಟಲಿ ತಂದಳು. ಬಂದವಳೇ ಕರಗಿ ಸಣ್ಣದಾಗಿದ್ದ ಐಸನ್ನು ಬದಲಿಸುತ್ತೇನೆಂದು ಚೀಲಕ್ಕೆ ಕೈಹಾಕಿ ಹೊಸ ಗಡ್ಡೆಯನ್ನು ನಾರಿನ ಪುಡಿಯ ಸಮೇತ ತೊಟ್ಟಿಗೆ ಬಿಟ್ಟಳು. ತೊಳೆದು ಹಾಕಬಾರದೇ ಎಂದು ಗದರಿದೆ. ನೀರಿನ ಮೇಲೆಲ್ಲ ಕಂದು ಪುಡಿ ಹರಡಿಕೊಂಡಿತು. ಚೊಂಬಿನ ನೀರನ್ನೂ ಬದಲಿಸಿ, ತೊಟ್ಟಿ ಅಲುಗಾಡುವುದು ನಿಲ್ಲುವವರೆಗೂ ಕಾದೆ. ಐಸಿನ ಮಗ್ಗುಲಲ್ಲಿ ನೀಲಿಯ ನಾಲ್ಕು ಹನಿ ಬಿಟ್ಟೆ.

ನೀಲಿ ಒಂದು ಕ್ಷಣ ಮೇಲೆ ನಿಂತಿತು. ಆಮೇಲೆ ದಾರದಂತೆ ಕೆಳಗಿಳಿಯಿತು. ತಳ ಮುಟ್ಟಿ, ಮಡಿಸಿಕೊಂಡು, ತಳದ ಗಾಜಿಗೆ ಅಂಟಿದ ಹಾಗೆ ಮೆಲ್ಲಗೆ ಬಿಸಿ ತುದಿಯ ಕಡೆ ತೆವಳತೊಡಗಿತು. ಮಕ್ಕಳು ಬೆಂಚು ಬಿಟ್ಟು ಬಂದು ಮೇಜಿನ ಸುತ್ತ ನಿಂತರು. ಗಾನವಿ ಕೆಳಗೆ ನೋಡುತ್ತಿರಲಿಲ್ಲ, ಮೇಲೆ ನೋಡುತ್ತಿದ್ದಳು.

"ಮೇಡಂ, ನಾರಿನ ಪುಡಿ ಐಸ್ ಕಡೆ ಹೋಗ್ತಿದೆ," ಎಂದಳು. ನಿಯಮ ಮರೆತು, ಕೈ ಎತ್ತದೆ ಹೇಳಿದಳು. ನಾನು ಬೈಯಲಿಲ್ಲ.

ಹೋಗುತ್ತಿತ್ತು. ನಾನು ಯೋಚಿಸಿಯೇ ಇರಲಿಲ್ಲ, ಭೈರಮ್ಮನ ಅವಸರ ತಂದಿಟ್ಟದ್ದು. ತಳದಲ್ಲಿ ನೀಲಿ ಅತ್ತ ಹೋಗುತ್ತಿದ್ದರೆ, ಮೇಲೆ ನಮ್ಮ ತೆಂಗಿನ ನಾರಿನ ಪುಡಿ ಕಣಕಣವಾಗಿ ಇತ್ತ ಬರುತ್ತಿತ್ತು, ಯಾರೂ ಊದದೆ, ಯಾರೂ ದೂಡದೆ. ಕೊಲ್ಲಿಯಿಂದ ನಾರ್ವೆಗೆ. ಸಮುದ್ರ ನೋಡದ ನಾನು ನಾಲ್ಕು ಅಡಿ ಸಮುದ್ರವನ್ನು ಕಣ್ಣಾರೆ ನೋಡಿದೆ. ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಆಗ ಬಂತು, ಬರಲಿ ಎಂದು ಬಿಟ್ಟೆ.

ಹಿಂದಿನ ಬೆಂಚು ಕಿರ್ ಎಂದಿತು. ಮರುಳಸಿದ್ದಯ್ಯನವರು ಎದ್ದು ಬಂದು, ಮಕ್ಕಳನ್ನು ಸರಿಸಿ, ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ತೊಟ್ಟಿ ನೋಡಿದರು. ಮೇಲೆ ನೋಡಿದರು, ಕೆಳಗೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಎಷ್ಟೋ ಹೊತ್ತಾದ ಮೇಲೆ ನೆಟ್ಟಗೆ ನಿಂತು, ಸಭೆಯಲ್ಲಿ ಮಾತಾಡುವಾಗ ಮಾಡುವಂತೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಕೈಯಲ್ಲಿ ಕಾಗದ ಇನ್ನೂ ಇತ್ತು. ಬಸವಕುಮಾರ್ ಸರ್ ಕೂಡಲೇ ಮಕ್ಕಳಿಗೆ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದರು. ಅಯ್ನೋರು ತೀರ್ಪು ಹೇಳುತ್ತಾರೆ, ಎಲ್ಲರೂ ಕೈಕಟ್ಟಿ ಕೇಳಬೇಕು, ನಮ್ಮೂರಲ್ಲಿ ನಡೆದುಬಂದದ್ದೇ ಹಾಗೆ.

ನನಗೆ ಮತ್ತೆ ಕೋಪ ಬಂತು. ಪಾಸೋ ಫೇಲೋ, ಏನೇ ಹೇಳಲಿ, ಇದು ಅವರ ಸಭೆಯಲ್ಲ. ಮಕ್ಕಳ ಕಣ್ಣೆಲ್ಲ ತೊಟ್ಟಿಯ ಮೇಲಿತ್ತು, ನೀಲಿ ಇನ್ನೂ ಅರ್ಧ ದಾರಿಯಲ್ಲಿತ್ತು.

"ಅಯ್ನೋರೇ, ಹೋಗಿ ಕೂತ್ಕೊಳ್ಳಿ," ಎಂದೆ. "ನನ್ನ ಪಿರಿಯಡ್ ಇನ್ನೂ ಹನ್ನೆರಡು ನಿಮಿಷ ಇದೆ."

ಅವರು ನನ್ನನ್ನೇ ನೋಡಿದರು. ನಾನೂ ನೋಡಿದೆ. ಕಣ್ಣು ಒದ್ದೆಯಿತ್ತು, ಒರೆಸಿಕೊಳ್ಳ ಹೋಗಲಿಲ್ಲ.

ತಿರುಗಿ ಹೋದರು. ಬಾಗಿಲಿನ ಕಡೆಗೆಂದುಕೊಂಡೆ, ಬೆಂಚಿನ ಕಡೆಗೆ ಹೋದರು. ಕೂತರು, ಬೆಂಚು ವಾಲಿತು. ಒಂದು ಸಲ ಅತ್ತ ವಾಲಿ, ಒಂದು ಸಲ ಇತ್ತ ವಾಲಿ, ಆಮೇಲೆ ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಚಿ, ಎಂಟಾಗಿ ಮಡಚಿ, ಬಗ್ಗಿ ಮೋಟು ಕಾಲಿನ ಕೆಳಗೆ ತುರುಕಿದರು. ಅಲ್ಲಾಡಿಸಿ ನೋಡಿದರು. ಬೆಂಚು ಸದ್ದು ಮಾಡಲಿಲ್ಲ.

ನಾನು ಗ್ಲೋಬ್ ಕೈಗೆ ತೆಗೆದುಕೊಂಡೆ. ಮಾತು ಶುರುಮಾಡುವ ಮೊದಲೇ ಹಿಂದಿನಿಂದ ಒಂದು ಕೈ ಮೇಲೆದ್ದಿತು. ಬಿಳಿ ತೋಳು, ಮಣಿಕಟ್ಟಿನಲ್ಲಿ ಹಳೆಯ ವಾಚು. ಕೈ ಎತ್ತಿದವರು ಬೆಂಚು ಹಿಡಿದುಕೊಂಡು ನಿಧಾನವಾಗಿ ಎದ್ದು ನಿಂತರು.

"ಮೇಡಂ," ಎಂದರು, "ಕೆಳಕ್ಕೆ ಹೋದ ನೀರು ಮತ್ತೆ ಮೇಲಕ್ಕೆ ಎಲ್ಲಿ ಬತ್ತದೆ?"